ಹಿರಿಯರ ಕುರ್ಚಿಗೊಂದು ಹೊಸ ಗವಸು



ಶ್ರಾವಣ ಸಮೀಪಿಸಿದಂತೆಲ್ಲ ನಮ್ಮ ಮನೆಗಳಲ್ಲಿ ಸುಣ್ಣಬಣ್ಣದ ಮಾತು ಆರಂಭವಾಗುತ್ತದೆ. ಜಂತಿಯ ಜೇಡರಬಲೆ ತೆಗೆಯುತ್ತೇವೆ, ಹಿತ್ತಾಳೆಯ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ಬೆಳಗುತ್ತೇವೆ, ಕೌದಿ ಜಮಖಾನೆಗಳನ್ನೆಲ್ಲ ಒಗೆದು ಬಿಸಿಲಿಗೆ ಹರವುತ್ತೇವೆ. ಇಷ್ಟೆಲ್ಲ ಆದ ಮೇಲೂ ಪಡಸಾಲೆಯ ಕುರ್ಚಿಗಳ ಮೇಲಿನ ಮೆತ್ತೆಗಳು ಮಾತ್ರ ಹಾಗೆಯೇ ಉಳಿದುಬಿಡುತ್ತವೆ. ಒಂದು ಮಗ್ಗುಲು ಹರಿದಾಗ ಮಗುಚಿ ಹಾಕುತ್ತೇವೆ. ಇನ್ನೊಂದು ಮಗ್ಗುಲೂ ಹರಿದಾಗ ಮೇಲೊಂದು ಟವೆಲು ಹಾಸಿ ಮುಚ್ಚುತ್ತೇವೆ. ಯಾವಾಗಲೋ ಒಂದು ದಿನ ಬೇಸತ್ತು, ಗಟ್ಟಿಮುಟ್ಟಾದ ಸಾಗುವಾನಿಯ ಕುರ್ಚಿಯನ್ನೇ ಅಟ್ಟಕ್ಕೇರಿಸಿ ಹೊಸದನ್ನು ತರುತ್ತೇವೆ. ಕೆಟ್ಟದ್ದು ಒಂದು ಮೀಟರಿಗೂ ಕಡಮೆ ಬಟ್ಟೆ. ಮೂಲೆ ಸೇರಿದ್ದು ಎರಡು ತಲೆಮಾರು ಬಾಳಬಹುದಾಗಿದ್ದ ಮರ.

ಮೆತ್ತೆಗೆ ಹೊಸ ಗವಸನ್ನು ಮನೆಯಲ್ಲಿಯೇ ಹೊಲಿದುಕೊಳ್ಳುವುದು ಕಷ್ಟದ ಕೆಲಸವಲ್ಲ. ರವಿಕೆ ಹೊಲಿಯಲು ಬಲ್ಲವರಿಗೆ ಇದು ತೀರ ಸುಲಭ. ಕೌದಿ ಹೊಲಿದ ಕೈಗಳಿಗೆ ಇನ್ನೂ ಸುಲಭ. ಆದರೆ ಈ ತಿಂಗಳು ನಾವು ಪಡಸಾಲೆಯ ಎಲ್ಲ ಕುರ್ಚಿಗಳ ಅಂದಚೆಂದವನ್ನು ಕುರಿತು ಹೇಳಹೊರಟಿಲ್ಲ. ಮನೆಯಲ್ಲಿ ಒಂದು ಕುರ್ಚಿ ಇರುತ್ತದೆ. ಅತ್ತೆಯವರೋ ಮಾವನವರೋ ದಿನದ ಬಹುಭಾಗ ಅದರಲ್ಲಿಯೇ ಕಳೆಯುತ್ತಾರೆ. ಮಂಡಿ ಬಗ್ಗದಾದ ಮೇಲೆ, ನೆಲದ ಮೇಲೆ ಮಣೆ ಹಾಕಿಕೊಂಡು ಕೂಡುವುದು ಸಾಧ್ಯವಾಗದಾದ ಮೇಲೆ, ಇಷ್ಟಲಿಂಗ ಪೂಜೆಯೂ ಆ ಕುರ್ಚಿಯಲ್ಲಿಯೇ ನಡೆಯುತ್ತದೆ. ಆ ಒಂದು ಕುರ್ಚಿಯ ಮೆತ್ತೆಯನ್ನು ಮೊದಲು ಸರಿಪಡಿಸಿರಿ ಎಂಬುದು ನಮ್ಮ ವಿನಂತಿ. ಉಳಿದವು ಅದರ ಹಿಂದೆ ತಾವಾಗಿಯೇ ಬರುತ್ತವೆ.

ಹಿರಿಯರು ತಾವಾಗಿ ಕೇಳುವುದಿಲ್ಲ. ಮೆತ್ತೆ ತಗ್ಗಾಗಿ ಮರ ಚುಚ್ಚುತ್ತಿದ್ದರೂ ‘ಇರ್ಲಿ ಬಿಡವ್ವಾ, ಇಷ್ಟ ಸಾಕು’ ಎನ್ನುತ್ತಾರೆ. ಅರ್ಧ ಗಂಟೆ ಕೂಡುತ್ತಿದ್ದ ಪೂಜೆ ಹತ್ತು ನಿಮಿಷಕ್ಕೆ ಇಳಿದಿದ್ದರೆ ನಾವು ಅದನ್ನು ವಯಸ್ಸಿನ ಮರೆವೆಂದೋ ಮನಸ್ಸಿನ ಬೇಸರವೆಂದೋ ತಿಳಿಯುತ್ತೇವೆ. ಅನೇಕ ಕಡೆ ಕಾರಣ ಕುರ್ಚಿಯಲ್ಲಿರುತ್ತದೆ. ಆದ್ದರಿಂದ ಬಟ್ಟೆಯ ಅಂಗಡಿಗೆ ಹೋಗುವ ಮುನ್ನ, ಟೇಪು ಕೈಗೆತ್ತಿಕೊಳ್ಳುವ ಮುನ್ನ, ಅವರನ್ನು ಆ ಕುರ್ಚಿಯಲ್ಲಿ ಕೂಡಿಸಿ ಸ್ವಲ್ಪ ಹೊತ್ತು ನೋಡಬೇಕು.

ಏನನ್ನು ನೋಡಬೇಕು? ಪಾದಗಳೆರಡೂ ನೆಲಕ್ಕೆ ಚಪ್ಪಟೆಯಾಗಿ ತಾಗುತ್ತಿರಬೇಕು. ದಪ್ಪನೆಯ ಹೊಸ ಸ್ಪಂಜು ಹಾಕಿದರೆ ಸುಖವೆಂದು ನಾಲ್ಕಂಗುಲದ್ದನ್ನು ತಂದು ಹಾಕಿದ ಮನೆಗಳುಂಟು. ಕಾಲು ಜೋತುಬಿದ್ದು, ತೊಡೆಯ ಹಿಂಭಾಗ ಒತ್ತಿ, ಹಿರಿಯರಿಗೆ ಜೋಮು ಹಿಡಿಯುತ್ತದೆ. ಮಂಡಿನೋವಿನವರಿಗೆ ಆಸನ ಒಂದೆರಡು ಅಂಗುಲ ಎತ್ತರವಿದ್ದರೆ ಏಳುವುದು ಸುಲಭವೆಂಬುದು ನಿಜ, ಆದರೆ ಪಾದ ನೆಲ ಬಿಡುವಷ್ಟು ಅಲ್ಲ. ಕುಳಿತಾಗ ಮೆತ್ತೆ ತುಸು ಕುಗ್ಗುತ್ತದಾದ್ದರಿಂದ ಕುಳಿತ ಮೇಲಿನ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಪಾದ ತಾಗದಿದ್ದರೆ ಕೆಳಗೊಂದು ಮಣೆ ಇಡಬಹುದು. ಪೂಜೆಗೆ ಕುಳಿತ ಮಣೆಯ ಮೇಲೆ ಕಾಲಿಡಲು ಅವರಿಗೆ ಮನಸ್ಸು ಬಾರದು, ಬೇರೊಂದನ್ನು ಮಾಡಿಸಿರಿ. ಇನ್ನು ಮೆತ್ತೆಯ ಮುಂದಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳಿನಷ್ಟು ತೆರಪಿರಬೇಕು. ಕುರ್ಚಿಯ ಆಳ ಹೆಚ್ಚಾಗಿ ಆ ತೆರಪು ಉಳಿಯದಿದ್ದರೆ ಬೆನ್ನಿಗೊಂದು ಮೆತ್ತೆ ಕೊಟ್ಟು ಅವರನ್ನು ಮುಂದಕ್ಕೆ ತರಬೇಕು.

ಮೆತ್ತೆಯ ಒಳಗಿನ ಸ್ಪಂಜನ್ನೂ ಪರೀಕ್ಷಿಸಿರಿ. ಅಂಗೈಯಿಂದ ಒತ್ತಿ ಬಿಟ್ಟಾಗ ಅದು ಕೂಡಲೇ ಮೇಲೇಳಬೇಕು. ಒತ್ತಿದ ತಗ್ಗು ಹಾಗೆಯೇ ನಿಂತರೆ, ಉಜ್ಜಿದಾಗ ಹಳದಿಯ ಪುಡಿ ಉದುರಿದರೆ, ಅದಕ್ಕೆ ಹೊಸ ಗವಸು ಹಾಕುವುದು ವ್ಯರ್ಥ. ಅಂಗಡಿಯಲ್ಲಿ ಸ್ಪಂಜಿಗೆ 32, 40 ಎಂದು ಸಾಂದ್ರತೆಯ ಸಂಖ್ಯೆ ಹೇಳುತ್ತಾರೆ. ಒಂದು ಘನ ಮೀಟರ್ ಸ್ಪಂಜು ಎಷ್ಟು ಕಿಲೋ ತೂಗುತ್ತದೆಂಬುದರ ಲೆಕ್ಕ ಅದು. ದಿನವಿಡೀ ಕೂಡುವ ಕುರ್ಚಿಗೆ 40ರದ್ದನ್ನೇ ಕೊಳ್ಳುವುದು ಲೇಸು. ಹಗುರವಾದದ್ದು ಬೇಗ ತಗ್ಗಾಗುತ್ತದೆ. ಹತ್ತಿಯ ಮೆತ್ತೆಯಾದರೆ ಬಿಚ್ಚಿ, ಅರಳೆಯನ್ನು ಬಿಸಿಲಿಗೆ ಹಾಕಿ, ಪಿಂಜಾರರು ಸಿಕ್ಕರೆ ಹಿಂಜಿಸಿ ಮತ್ತೆ ತುಂಬಬಹುದು. ಬೂರುಗದ ಹತ್ತಿ ತಲೆದಿಂಬಿಗೆ ಚೆನ್ನ. ಕೂಡುವ ಮೆತ್ತೆಗೆ ಅದು ಗಂಟುಗಂಟಾಗುತ್ತದೆ.

ಬಟ್ಟೆಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಕಟುವಾಗಿಯೇ ಇದೆ. ರೆಕ್ಸಿನ್ ಬೇಡ. ಒರೆಸಿದರೆ ಸ್ವಚ್ಛವಾಗುತ್ತದೆ ಎಂಬ ಒಂದೇ ಗುಣಕ್ಕಾಗಿ ಅದನ್ನು ತರುತ್ತೇವೆ. ಬೇಸಗೆಯಲ್ಲಿ ಬೆವರು ಹೀರದೆ ಮೈಗಂಟುತ್ತದೆ, ಕಾಲ ಕಳೆದಂತೆ ಬಿರಿದು ಅದರ ಅಂಚೇ ಚರ್ಮಕ್ಕೆ ಗೀರುತ್ತದೆ. ಹೊಳೆಯುವ ಮಖಮಲ್ಲು, ಜರಿಯ ಕಸೂತಿ, ಕನ್ನಡಿಯ ಕೆಲಸ ಇವು ಒರಗುವ ದಿಂಬಿಗೆ ಸರಿ, ಕೂಡುವ ಆಸನಕ್ಕಲ್ಲ. ಒತ್ತಾಗಿ ನೇಯ್ದ ದಪ್ಪ ಹತ್ತಿಬಟ್ಟೆಗೆ ಸಮನಾದುದು ಇಲ್ಲ. ಖಾದಿ ಭಂಡಾರದಲ್ಲಿ ದೊರೆಯುವ ಒರಟು ಖಾದಿ, ಗಾದಿ ಹೊಲಿಯುವ ಪಟ್ಟೆಪಟ್ಟೆಯ ದಟ್ಟಬಟ್ಟೆ, ಮಗ್ಗದ ಚಾದರಿನ ಬಟ್ಟೆ ಇವುಗಳಲ್ಲಿ ಯಾವುದಾದರೂ ಆದೀತು. ಧಾರವಾಡ ಜಿಲ್ಲೆಯ ಗರಗದ ಮಗ್ಗಗಳಲ್ಲಿ ರಾಷ್ಟ್ರಧ್ವಜದ ಖಾದಿ ನೇಯ್ದ ಕೈಗಳಿವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅದನ್ನು ಹೊಲಿಯುತ್ತಾರೆ. ಬಿಸಿಲು ಗಾಳಿಗಳನ್ನು ತಡೆದು ಹಾರುವ ಬಟ್ಟೆಯನ್ನು ನೇಯಬಲ್ಲ ನಾಡಿನವರು ಕುರ್ಚಿಯ ಮೆತ್ತೆಗೆ ಬಟ್ಟೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಬಟ್ಟೆ ಹಿಡಿದು ಬೆಳಕಿಗೆ ಒಡ್ಡಿರಿ. ಎಳೆಗಳ ನಡುವೆ ಬೆಳಕು ಜಲ್ಲೆಂದು ತೂರಿ ಬಂದರೆ ಅದು ಆಸನಕ್ಕೆ ನಿಲ್ಲುವುದಿಲ್ಲ. ಒದ್ದೆ ಮಾಡಿದ ಬಿಳಿಯ ಚಿಂದಿಯಿಂದ ಒಂದು ಮೂಲೆಯನ್ನು ಉಜ್ಜಿ ಬಣ್ಣ ಬಿಡುತ್ತದೆಯೋ ಎಂದು ನೋಡಿಕೊಳ್ಳಿರಿ. ಬಣ್ಣ ಬಿಡುವ ಮೆತ್ತೆ ಹಿರಿಯರ ಬಿಳಿಯ ಧೋತರಕ್ಕೋ ಸೀರೆಗೋ ಅಂಟಿದರೆ ಅವರು ಮತ್ತೆ ಆ ಕುರ್ಚಿಯಲ್ಲಿ ಕೂಡುವುದಿಲ್ಲ.

ತೀರಿಕೊಂಡ ತಾಯಿಯ ಇಲಕಲ್ಲ ಸೀರೆಯಿಂದ ಗವಸು ಹೊಲಿಯಬಹುದೇ ಎಂದು ಕೇಳುವವರಿದ್ದಾರೆ. ಕೌದಿಗೆ ಹಳೆಯ ಸೀರೆ ಹಾಕುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು. ತಾಯಿಯ ಸೀರೆಯ ಕೌದಿ ಹೊದ್ದರೆ ಚಳಿ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಾರೆ. ಮೆತ್ತೆಗೂ ಅಡ್ಡಿಯಿಲ್ಲ. ಆದರೆ ಉಟ್ಟು ಒಗೆದ ಸೀರೆಯ ಒಡಲು ತೆಳ್ಳಗಾಗಿರುತ್ತದೆ, ಒಳಗೆ ದಪ್ಪ ಬಟ್ಟೆಯ ಅಸ್ತರು ಕೊಡಲೇಬೇಕು. ಟೋಪಿ ತೆನೆಯ ಸೆರಗನ್ನು ಕೂಡುವ ಭಾಗಕ್ಕೆ ಹಾಕಬೇಡಿರಿ. ರೇಷ್ಮೆಯ ಎಳೆ ಉಜ್ಜಾಟಕ್ಕೆ ತಾಳುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಹೇಳಬೇಕಾಗಿಲ್ಲ. ಬೆನ್ನಿಗೆ ಒರಗುವ ಮೆತ್ತೆಯ ಮೇಲೆ ಅದು ಶೋಭಿಸುತ್ತದೆ. ಗುಳೇದಗುಡ್ಡದ ಖಣಕ್ಕೂ ಇದೇ ಮಾತು.

ಈಗ ಅಳತೆ. ಸಾಮಾನ್ಯವಾಗಿ ಕುರ್ಚಿಯ ಮೆತ್ತೆ 18 ಅಂಗುಲ ಉದ್ದ, 18 ಅಂಗುಲ ಅಗಲ, 2 ಅಂಗುಲ ದಪ್ಪ ಇರುತ್ತದೆ. ಹಳೆಯ ಗವಸು ಇನ್ನೂ ಆಕಾರ ಉಳಿಸಿಕೊಂಡಿದ್ದರೆ ಅದರ ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ, ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಕುರ್ಚಿಯ ಹಿಂಗಾಲಿಗಾಗಿ ಮೂಲೆ ಕತ್ತರಿಸಿದ್ದರೆ ಆ ಕೊರೆತವೂ ಅದರಲ್ಲಿಯೇ ಸಿಗುತ್ತದೆ. ಆದರೆ ಹಳೆಯ ಬಟ್ಟೆ ಜಗ್ಗಿರುತ್ತದೆ, ಆದ್ದರಿಂದ ಸ್ಪಂಜನ್ನು ಅಳೆದು ತಾಳೆ ನೋಡಬೇಕು.

ಹೊಲಿಗೆಯ ಅಂಚಿಗೆ ಸುತ್ತಲೂ ಅರ್ಧ ಅಂಗುಲ ಹಿಡಿದರೆ ಮೇಲಿನ ಮತ್ತು ಕೆಳಗಿನ ತುಂಡುಗಳು 19 ಅಂಗುಲದ ಚೌಕಗಳಾಗುತ್ತವೆ. ದಪ್ಪವನ್ನು ಮುಚ್ಚಲು ಮುಂದೆ, ಎಡಕ್ಕೆ, ಬಲಕ್ಕೆ ಒಂದೊಂದು ಪಟ್ಟಿ. ಪ್ರತಿಯೊಂದೂ 19 ಅಂಗುಲ ಉದ್ದ, 3 ಅಂಗುಲ ಅಗಲ. ಹಿಂಬದಿಗೆ ಜಿಪ್ಪು ಬರುವುದರಿಂದ ಒಂದರ ಬದಲು ಎರಡು ಪಟ್ಟಿ. ಅವು 19 ಅಂಗುಲ ಉದ್ದ, 2 ಅಂಗುಲ ಅಗಲ. 54 ಅಂಗುಲ ಪನ್ನದ ಬಟ್ಟೆಯಲ್ಲಿ ಎರಡು ಚೌಕಗಳು ಪಕ್ಕಪಕ್ಕದಲ್ಲಿ 38 ಅಂಗುಲ ತಿನ್ನುತ್ತವೆ. ಉಳಿದ 16 ಅಂಗುಲದಲ್ಲಿ ಐದೂ ಪಟ್ಟಿಗಳು 13 ಅಂಗುಲಕ್ಕೆ ಮುಗಿಯುತ್ತವೆ. ಎಂದರೆ ಒಂದು ಮೆತ್ತೆಗೆ ಅರ್ಧ ಮೀಟರು, ಕಟ್ಟುವ ಲಾಡಿಯೂ ಅದರಲ್ಲಿಯೇ. 36 ಅಂಗುಲ ಪನ್ನದ ಖಾದಿಯಲ್ಲಿ ಎರಡು ಚೌಕ ಪಕ್ಕಪಕ್ಕಕ್ಕೆ ಕೂಡುವುದಿಲ್ಲ, ಒಂದರ ಕೆಳಗೊಂದು ಕತ್ತರಿಸಬೇಕು. ಆಗ ಒಂದು ಮೀಟರು ಬೇಕಾಗುತ್ತದೆ, ಆದರೆ ಒಳ್ಳೆಯ ತುಂಡೊಂದು ಉಳಿಯುತ್ತದೆ. ಅದನ್ನು ಎತ್ತಿಡಿರಿ, ಮುಂದೆ ಕೆಲಸವಿದೆ. ಹತ್ತಿಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆಂಬುದನ್ನು ಮರೆಯದೆ ಮೀಟರಿಗೆ ಹತ್ತು ಸೆಂಟಿಮೀಟರಿನಷ್ಟು ಹೆಚ್ಚು ಕೊಂಡು, ರಾತ್ರಿ ನೀರಿನಲ್ಲಿ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಬಳಿಕವೇ ಕತ್ತರಿ ಹಿಡಿಯಬೇಕು.

ಇಷ್ಟು ಲೆಕ್ಕ ಹಾಕಿ ಹೇಳುವುದಕ್ಕೆ ಕಾರಣವಿದೆ. ಅಂಗಡಿಯಲ್ಲಿ ನಿಂತು ಅಂದಾಜಿನ ಮೇಲೆ ‘ಇರಲಿ, ಮೂರು ಮೀಟರು ಕೊಡಿ’ ಎನ್ನುವುದು ನಮ್ಮ ರೂಢಿ. ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಮಾರಯ್ಯನವರು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನವರು ಅದನ್ನು ಮರಳಿಸಿ ಬರಲು ಹೇಳಿದ ಪ್ರಸಂಗವನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ; ಬಟ್ಟೆಯ ಅಂಗಡಿಯಲ್ಲಿ ನೆನಪಿಗೆ ಬರುವುದಿಲ್ಲ.

ಕತ್ತರಿಸುವಾಗ ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆ, ಮೆತ್ತೆಯ ಹಿಂದಿನಿಂದ ಮುಂದಕ್ಕೆ ಬರುವಂತೆ ಇರಬೇಕು. ಕುಳಿತವರು ಮುಂದೆ ಸರಿಯುವಾಗ, ಏಳುವಾಗ ಜಗ್ಗುವುದು ಆ ದಿಕ್ಕಿಗೇ, ಹಾಸು ಹೊಕ್ಕಿಗಿಂತ ಗಟ್ಟಿ. ಪಟ್ಟೆಯ ಬಟ್ಟೆಯಾದರೆ ಪಟ್ಟೆಗಳೂ ಹಾಗೆಯೇ ಬಂದು ನೋಟಕ್ಕೂ ನೇರ್ಪಾಗಿರುತ್ತದೆ.

ಯಂತ್ರಕ್ಕೆ 16ನೆಯ ಸಂಖ್ಯೆಯ ಸೂಜಿ ಹಾಕಿರಿ. ರವಿಕೆಯ ಸೂಜಿ ಈ ದಪ್ಪಕ್ಕೆ ಮುರಿಯುತ್ತದೆ. ದಾರ ಪಾಲಿಯೆಸ್ಟರಿನದಾಗಿರಲಿ. ಅಂಗುಲಕ್ಕೆ ಎಂಟರಿಂದ ಹತ್ತು ಹೊಲಿಗೆ ಸಾಕು. ಮೊದಲು ಹಿಂಬದಿಯ ಎರಡು ಪಟ್ಟಿಗಳ ಒಂದೊಂದು ಅಂಚನ್ನು ಅರ್ಧ ಅಂಗುಲ ಮಡಚಿ, ನಡುವೆ ಜಿಪ್ಪು ಇಟ್ಟು ಹೊಲಿಯಬೇಕು. ಬಳಿಕ ನಾಲ್ಕೂ ಮಗ್ಗುಲಿನ ಪಟ್ಟಿಗಳನ್ನು ತುದಿಗೆ ತುದಿ ಜೋಡಿಸಿ ಬಳೆಯಂತೆ ಮಾಡಿಕೊಳ್ಳಬೇಕು. ಈ ಜೋಡಣೆಗಳನ್ನು ಹೊಲಿಯುವಾಗ ಎರಡೂ ತುದಿಗೆ ಅರ್ಧ ಅಂಗುಲ ಬಿಟ್ಟು ನಿಲ್ಲಿಸುವುದೇ ಮೂಲೆಯ ಗುಟ್ಟು. ಹೀಗೆ ಬಿಟ್ಟ ಕಡೆ ಪಟ್ಟಿ ಬಾಯಿಬಿಟ್ಟು, ಚೌಕದ ಮೂಲೆಯಲ್ಲಿ ಸುಕ್ಕಿಲ್ಲದೆ ತಿರುಗುತ್ತದೆ. ಬಳೆಯನ್ನು ಮೇಲಿನ ಚೌಕಕ್ಕೆ ಉಲ್ಟಾ ಮಗ್ಗುಲು ಹೊರಗಾಗಿ ಇಟ್ಟು, ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಯಂತ್ರದ ಕೆಳಗೆ ಒಯ್ಯಿರಿ. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯಲ್ಲಿಯೇ ಇಳಿಬಿಟ್ಟು, ಬಟ್ಟೆಯನ್ನು ಒತ್ತಿ ಹಿಡಿದ ಪಾದವನ್ನು ಎತ್ತಿ, ಬಟ್ಟೆ ತಿರುಗಿಸಿ, ಪಾದ ಇಳಿಸಿ ಮುಂದುವರಿಯಬೇಕು. ಕೆಳಗಿನ ಚೌಕ ಹೊಲಿಯುವ ಮುನ್ನ ಜಿಪ್ಪನ್ನು ಅರ್ಧ ತೆರೆದಿಡಿರಿ, ಇಲ್ಲವಾದರೆ ಗವಸನ್ನು ಸರಿಬದಿಗೆ ಹೊರಳಿಸಲು ದಾರಿಯಿರುವುದಿಲ್ಲ. ಎಲ್ಲ ಹೊಲಿಗೆಗಳ ಮೇಲೂ ಎರಡನೆಯ ಹೊಲಿಗೆ ಓಡಿಸಿ, ಬಿಡಿ ಎಳೆಗಳಿಗೆ ಅಂಚುಕಟ್ಟು ಹಾಕಿರಿ. ಯಂತ್ರವಿಲ್ಲದವರು ಕೈಯಿಂದಲೇ ಹೊಲಿಯಬಹುದು. ಆದರೆ ಕೌದಿಗೆ ಹಾಕುವ ಓಟದ ಹೊಲಿಗೆ ಇಲ್ಲಿ ನಿಲ್ಲದು. ಪ್ರತಿ ಹೊಲಿಗೆಗೂ ಅರ್ಧ ಹಿಂದೆ ಬಂದು ಮುಂದೆ ಸಾಗಬೇಕು.

ಅಂಚಿಗೆ ಹುರಿ ಇಟ್ಟು ಪೈಪಿಂಗ್ ಮಾಡಿದರೆ ಅಂದವೆಂದು ಹೇಳುವವರಿದ್ದಾರೆ. ಅತಿಥಿಗಳ ಕುರ್ಚಿಗೆ ಮಾಡಿರಿ. ಹಿರಿಯರ ಆಸನದ ಮುಂದಿನ ಅಂಚಿನಲ್ಲಿ ಆ ಹುರಿ ತೊಡೆಗೆ ಗೆರೆಯೆಳೆದಂತೆ ಒತ್ತುತ್ತದೆ. ನಡುವೆ ಗುಂಡಿಯಿಟ್ಟು ತಗ್ಗು ಮಾಡುವುದೂ ಬೇಡ.

ಲಾಡಿಗಳನ್ನು ಮಾತ್ರ ಅಲಕ್ಷಿಸಬಾರದು. ನುಣ್ಣನೆಯ ಮರದ ಮೇಲೆ, ಅದಕ್ಕಿಂತ ಹೆಚ್ಚಾಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕಟ್ಟದ ಮೆತ್ತೆ ಏಳುವ ಹೊತ್ತಿಗೆ ಜಾರುತ್ತದೆ. ಎಪ್ಪತ್ತು ದಾಟಿದವರ ಸೊಂಟದ ಮೂಳೆಗೆ ಒಂದು ಬೀಳುವಿಕೆ ಸಾಕು. 2 ಅಂಗುಲ ಅಗಲದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದರೆ ಅರ್ಧ ಅಂಗುಲದ ಗಟ್ಟಿ ಲಾಡಿಯಾಗುತ್ತದೆ. ಹಿಂದಿನ ಎರಡು ಮೂಲೆಗಳಲ್ಲಿ, ಪಟ್ಟಿಗೆ ಪಟ್ಟಿ ಜೋಡಿಸಿದ ನಿಲುವು ಹೊಲಿಗೆಯಲ್ಲಿಯೇ ಅದನ್ನು ಸೇರಿಸಿ ಹೊಲಿಯಿರಿ. ಹಾಗೆ ಮಾಡಿದರೆ ಮೆತ್ತೆಯನ್ನು ಯಾವ ಮಗ್ಗುಲಿಗೆ ಮಗುಚಿದರೂ ಕಟ್ಟಲು ಬರುತ್ತದೆ. ತಿಂಗಳಿಗೊಮ್ಮೆ ಮಗುಚಿ ಹಾಕಿದರೆ ಎರಡು ಮುಖಗಳೂ ಸಮನಾಗಿ ಸವೆದು ಗವಸಿನ ಆಯುಷ್ಯ ಹೆಚ್ಚುತ್ತದೆ.

ಇನ್ನು ಮುಂದಿನ ವಿಷಯವನ್ನು ನಾವು ಸಂಕೋಚದಿಂದಲೇ ಎತ್ತುತ್ತಿದ್ದೇವೆ. ಎತ್ತದೆ ಬಿಟ್ಟರೆ ಈ ಲೇಖನದ ಅರ್ಧ ಪ್ರಯೋಜನ ತಪ್ಪುತ್ತದೆ. ವಯಸ್ಸಾದಂತೆ ಅನೇಕರಿಗೆ ಮೂತ್ರದ ಹಿಡಿತ ಸಡಿಲವಾಗುತ್ತದೆ. ಕೆಮ್ಮಿದಾಗ, ಸೀನಿದಾಗ, ಅವಸರದಲ್ಲಿ ಎದ್ದಾಗ ಒಂದೆರಡು ಹನಿ ತಪ್ಪಿಹೋಗುತ್ತದೆ. ಹೆತ್ತ ತಾಯಂದಿರಲ್ಲಿ ಇದು ಹೆಚ್ಚು, ಗಂಡಸರಲ್ಲಿಯೂ ಇಲ್ಲದಿಲ್ಲ. ಅವರು ಯಾರಿಗೂ ಹೇಳುವುದಿಲ್ಲ. ಬದಲಾಗಿ ಪಡಸಾಲೆಗೆ ಬರುವುದನ್ನು ಬಿಡುತ್ತಾರೆ, ನೀರು ಕುಡಿಯುವುದನ್ನು ಕಡಮೆ ಮಾಡುತ್ತಾರೆ, ಬಂಧುಗಳು ಬಂದಾಗ ಒಳಕೋಣೆಯಲ್ಲಿಯೇ ಉಳಿಯುತ್ತಾರೆ. ಮನೆಯವರು ಅದನ್ನು ಹಟವೆಂದು ಭಾವಿಸುತ್ತಾರೆ. ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ಮೈಲಿಗೆಯಾಯಿತೆಂದು ತಿಳಿದು ಕೆಲವರು ಲಿಂಗವನ್ನು ಕೈಗೆತ್ತಿಕೊಳ್ಳಲು ಹಿಂಜರಿಯುತ್ತಾರೆ.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆದ ಪರಂಪರೆ ನಮ್ಮದು. ಹೆಣ್ಣಿನ ಮುಟ್ಟನ್ನೂ ಮನೆಯ ಸಾವನ್ನೂ ಲಿಂಗಕ್ಕೆ ಅಡ್ಡಿಯೆಂದು ಬಗೆಯದ ಶರಣಧರ್ಮದಲ್ಲಿ, ಮುಪ್ಪಿನ ದೇಹದ ಒಂದು ದುರ್ಬಲತೆ ಅಡ್ಡಿಯಾಗುವುದೆಂತು? ಸೀರೆ ಬದಲಿಸಿ, ಕೈಕಾಲು ತೊಳೆದು, ಪೂಜೆಗೆ ಕೂಡಬಹುದು. ಈ ಮಾತನ್ನು ಮನೆಯ ಕಿರಿಯರು ಬಾಯಿಬಿಟ್ಟು ಹೇಳಬೇಕು. ಅವರಾಗಿ ಕೇಳಿ ತಿಳಿದುಕೊಳ್ಳಲಿ ಎಂದು ಕಾಯಬಾರದು. ವೈದ್ಯರನ್ನು ಕಾಣುವುದೂ ಅಗತ್ಯ. ಸೋಂಕಿನಿಂದ, ಸಕ್ಕರೆ ಕಾಯಿಲೆಯಿಂದ, ಪ್ರಾಸ್ಟೇಟ್ ಗ್ರಂಥಿಯ ಬಾವಿನಿಂದ ಹೀಗಾಗಿದ್ದರೆ ಅದಕ್ಕೆ ಚಿಕಿತ್ಸೆಯಿದೆ. ಸ್ನಾಯುಗಳು ಸಡಿಲವಾಗಿದ್ದರೆ ಅದಕ್ಕೆ ತಕ್ಕ ವ್ಯಾಯಾಮಗಳಿವೆ.

ಹೊಲಿಗೆಯಿಂದ ಆಗಬೇಕಾದದ್ದು ಇಷ್ಟು. ಔಷಧದ ಅಂಗಡಿಯಲ್ಲಿ ಹಾಸಿಗೆಗೆ ಹಾಸುವ ರಬ್ಬರಿನ ಹಾಳೆ ಸಿಗುತ್ತದೆ. 18 ಅಂಗುಲದ ಮೆತ್ತೆಗೆ 28 ಅಂಗುಲದ ಚೌಕ ಕತ್ತರಿಸಿಕೊಂಡರೆ ಮೇಲ್ಭಾಗವನ್ನೂ ನಾಲ್ಕು ಮಗ್ಗುಲನ್ನೂ ಮುಚ್ಚಿ, ಕೆಳಕ್ಕೆ ಮೂರಂಗುಲ ಮಡಚಲು ಬರುತ್ತದೆ. ಇದರ ಮೇಲ್ಭಾಗದಲ್ಲಿ ಎಲ್ಲಿಯೂ ಸೂಜಿ ತಾಗಿಸಬಾರದು. ಚುಚ್ಚಿದ ಪ್ರತಿ ರಂಧ್ರದಿಂದಲೂ ನೀರು ಇಳಿಯುತ್ತದೆ. ಮೂಲೆಗಳನ್ನು ಕತ್ತರಿಸದೆ ಹಾಗೆಯೇ ಮಡಚಿ, ಕೆಳಗೆ ಬಂದ ಅಂಚುಗಳನ್ನು ಮಾತ್ರ ಹೊಲಿದು ಎಲಾಸ್ಟಿಕ್ ಪೋಣಿಸಿದರೆ ಟೊಪ್ಪಿಗೆಯಂತೆ ಸ್ಪಂಜಿಗೆ ಕೂತುಕೊಳ್ಳುತ್ತದೆ. ರಬ್ಬರು ಬೆವರು ಹೀರದು. ಆದ್ದರಿಂದ ಅದರ ಮೇಲೆ ಟರ್ಕಿ ಟವೆಲಿನ 18 ಅಂಗುಲದ ಒಂಟಿ ಪದರ ಹಾಸಿ, ಅದರ ಮೇಲೆ ಹೊರಗವಸು ಹಾಕಬೇಕು. ಟವೆಲಿನ ಅಂಚನ್ನು ದಪ್ಪವಾಗಿ ಮಡಚಿ ಹೊಲಿಯಬೇಡಿರಿ, ಕೂಡುವವರಿಗೆ ಒತ್ತುತ್ತದೆ. ಈ ಮೆತ್ತೆಗೆ ಹೊರಗವಸು ತುಸು ಸಡಿಲ ಬೇಕು. ಚೌಕಗಳನ್ನೂ ಪಟ್ಟಿಗಳ ಉದ್ದವನ್ನೂ 19ರ ಬದಲು 19½ ಅಂಗುಲಕ್ಕೆ ಕತ್ತರಿಸಿರಿ. ಅರ್ಧ ಮೀಟರಿನ ಲೆಕ್ಕಕ್ಕೆ ಇದೂ ಕೂಡುತ್ತದೆ. ಇದನ್ನು ಮಗುಚಿ ಹಾಕುವಂತಿಲ್ಲ, ಕೆಳಭಾಗ ತೆರೆದಿರುತ್ತದೆ.

ಮತ್ತು ಇಂಥ ಗವಸುಗಳನ್ನು ಎರಡು ಹೊಲಿಯಿರಿ. ಬಟ್ಟೆ ಒಂದೇ ಇರಲಿ, ಬಣ್ಣ ಒಂದೇ ಇರಲಿ. ಒಂದನ್ನು ಒಗೆಯಲು ತೆಗೆದಾಗ ಇನ್ನೊಂದು ಅಲ್ಲಿರುತ್ತದೆ; ಗವಸು ಬದಲಾದುದು ಪಡಸಾಲೆಗೆ ಬಂದವರಿಗೆ ತಿಳಿಯುವುದಿಲ್ಲ, ಮನೆಯ ಮೊಮ್ಮಕ್ಕಳಿಗೂ ತಿಳಿಯುವುದಿಲ್ಲ. ಒಂದು ಗವಸಿನ ಮನೆಯಲ್ಲಿ ಅದು ಒಣಗುವವರೆಗೆ ಬರಿಯ ರಬ್ಬರು ಎಲ್ಲರ ಕಣ್ಣೆದುರು ಬಿದ್ದಿರುತ್ತದೆ. ಹಿರಿಯರಿಗೆ ಅದು ಹೇಗಾಗುತ್ತದೆಂದು ಬರೆದು ತಿಳಿಸಬೇಕಾಗಿಲ್ಲ.

ಈ ಕೆಲಸವೆಲ್ಲ ಸೊಸೆಯಂದಿರ ಪಾಲಿಗೇ ಎಂದು ಮನೆಯ ಗಂಡಸರು ಪುಟ ತಿರುವಬಾರದು. ಕಲ್ಯಾಣದ ಶರಣರಲ್ಲಿ ಸೂಜಿಯ ಕಾಯಕ ಮಾಡಿದವರು ರಾಮಿತಂದೆಯವರು, ನೂಲುವ ಕಾಯಕ ಮಾಡಿದವರು ರೆಮ್ಮವ್ವೆಯವರು. ಊರಿನ ದರ್ಜಿ ಗಂಡಸೇ ಆಗಿದ್ದರೂ ಮನೆಯಲ್ಲಿ ಸೂಜಿಗೆ ದಾರ ಪೋಣಿಸಲು ಮಗನನ್ನು ಕರೆಯದಿರುವುದು ಯಾವ ನ್ಯಾಯವೋ ನಮಗೆ ತಿಳಿಯದು. ಅಳತೆ, ಗುರುತು, ಕತ್ತರಿಸುವುದು ಇಷ್ಟನ್ನಾದರೂ ಶಾಲೆಗೆ ಹೋಗುವ ಹುಡುಗರು ಮಾಡಲಿ. ಚೌಕ, ಸುತ್ತಳತೆಗಳ ಲೆಕ್ಕ ಇಲ್ಲಿ ಕೈಗೆ ಸಿಗುತ್ತದೆ. ತನ್ನ ತಾಯಿಯ ಕಷ್ಟವನ್ನು ಹೆಂಡತಿಯ ಮೂಲಕ ತಿಳಿಯುವ ಬದಲು ಮಗನೇ ಆ ರಬ್ಬರಿನ ಹಾಳೆ ಕೊಂಡುತಂದರೆ ಮನೆಯಲ್ಲಿ ಅನೇಕ ಮಾತುಗಳು ಸುಲಭವಾಗುತ್ತವೆ.

36 ಅಂಗುಲದ ಖಾದಿಯಲ್ಲಿ ಉಳಿದ ತುಂಡನ್ನು ಎತ್ತಿಡಲು ಹೇಳಿದ್ದೆವಲ್ಲ, ಅದಕ್ಕೊಂದು ಉಪಯೋಗವಿದೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ದೃಷ್ಟಿ ನೆಟ್ಟು ಕೂಡುವಾಗ ವಯಸ್ಸಾದವರ ತೋಳು ಸೋತು ನಡುಗುತ್ತದೆ. ಕುರ್ಚಿಯ ಎಡಗೈಯ ಮೇಲೆ ಮೊಳಕೈ ಊರಲು ಒಂದು ಚಿಕ್ಕ ಮೆತ್ತೆಯಿದ್ದರೆ ಆ ಭಾರ ಇಳಿಯುತ್ತದೆ. 10 ಅಂಗುಲ ಉದ್ದ, 6 ಅಂಗುಲ ಅಗಲದ ಚೀಲ ಹೊಲಿದು, ಹಿಂಜಿದ ಹತ್ತಿಯನ್ನು ಒತ್ತಾಗಿ ತುಂಬಿ, ಬಾಯಿ ಹೊಲಿದು, ಎರಡು ಜೊತೆ ಲಾಡಿಗಳಿಂದ ಕುರ್ಚಿಯ ಕೈಗೆ ಕಟ್ಟಬೇಕು. ಎತ್ತರ ಸಾಲದಿದ್ದರೆ ಇನ್ನಷ್ಟು ಹತ್ತಿ. ಹೆಚ್ಚಾಗಿ ಭುಜ ಮೇಲೆದ್ದರೆ ಸ್ವಲ್ಪ ತೆಗೆಯಿರಿ. ಇದಕ್ಕೆ ಜಿಪ್ಪು ಬೇಡ. ಮೇಲೊಂದು ತೆಗೆದು ಒಗೆಯುವ ಬಿಳಿಯ ಚೀಲವಿರಲಿ, ಏಕೆಂದರೆ ವಿಭೂತಿಯ ಕೈ ಮೊದಲು ತಾಗುವುದು ಅಲ್ಲಿಗೇ.